ಎಲ್ಲ ದಾರಿಗೂ ಆಗುವ ಸೈಕಲ್

ನಾನು ಸೈಕಲ್ ಕೊಳ್ಳಲು ಹೊರಟದ್ದಕ್ಕೆ ಕಾರಣ ಒಂದು ಸುಳ್ಳು. ಅದನ್ನು ಹೇಳಿದ್ದು ಪ್ರಿನ್ಸ್‌ಟನ್ ಪಕ್ಕದ ಕಾಲುವೆಯ ದಂಡೆಯ ಮೇಲೆ, ಒಂದು ಶನಿವಾರ ಬೆಳಿಗ್ಗೆ. ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಯಿಂದ ಅಲ್ಲಿಗೆ ಕಾರಿನಲ್ಲಿ ಹೋಗುವುದು, ದಂಡೆಯ ಮೇಲೆ ಒಂದಿಷ್ಟು ನಡೆಯುವುದು, ಮತ್ತೆ ಕಾರು ಹತ್ತಿ ವಾಪಸು ಬರುವಾಗ ದಾರಿಯಲ್ಲಿ ನಿಲ್ಲಿಸಿ ಬೇಗಲ್ ತಿನ್ನುವುದು, ಹೀಗೆ ಹೋಗುವಾಗ ಇದ್ದುದಕ್ಕಿಂತ ಸ್ವಲ್ಪ ಹೆಚ್ಚು ತೂಕದಲ್ಲಿ ಮನೆ ಸೇರುವುದು ನನ್ನ ಮತ್ತು ನನ್ನ ಗಂಡನ ಆ ಕಾಲದ ವ್ಯಾಯಾಮವಾಗಿತ್ತು.

ಆ ದಿನ ನಾವು ಪಾತ್ರೆ ತೊಳೆಯುವ ಮೆಷಿನ್‌ಗೆ ದೋಸೆ ಕಾವಲಿಯನ್ನು ಹಾಕಿದ್ದು ಯಾರು ಎಂಬ ವಿಷಯವಾಗಿ ಸ್ವಲ್ಪ ಜೋರಾಗಿಯೇ ಮಾತಾಡುತ್ತ ಹೋಗುತ್ತಿದ್ದೆವು. ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು.

"ಸ್ವಲ್ಪ ಬಾಜೂಕ ಸರೀರಿ. ಬ್ರೇಕ್ ಹಿಡದ್ರ ಜಾರತೈತಿ."

ನ್ಯೂಜೆರ್ಸಿಯಲ್ಲಿ ಬೆನ್ನ ಹಿಂದಿನಿಂದ ವಿಜಯಪುರದ ಕನ್ನಡ ಬಂದರೆ ಯಾರಿಗೂ ಬಾಜೂಕೆ ಸರಿಯಲು ತೋಚುವುದಿಲ್ಲ. ನಾವಿಬ್ಬರೂ ತಿರುಗಿ ದಾರಿಯ ನಟ್ಟನಡುವೆ ನಿಂತುಬಿಟ್ಟೆವು. ಆಕೆ ಹುಲ್ಲಿನ ಮೇಲೆ ಹಾರಿಸಿಕೊಂಡು ಹೋಗಿ, ಮುಂದೆ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿದರು. ಅರವತ್ತು ದಾಟಿದ ಹೆಂಗಸು. ತಲೆಗೆ ಹೆಲ್ಮೆಟ್, ಕಿವಿಯಲ್ಲಿ ಮುತ್ತಿನ ಬೆಂಡೋಲೆ, ಹಿಂದಿನ ದಿನದ ಮಳೆಯ ಕೆಸರು ಮೊಣಕಾಲಿನವರೆಗೂ ಇತ್ತು, ಗಲ್ಲಕ್ಕೂ ಇತ್ತು.

ಮಾತಿಗೆ ಮಾತು ಬೆಳೆಯಿತು. ಆಕೆ ಮಾರಿಸ್‌ಟೌನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. "ನಾ ಮಂದೀನ್ನ ಮಲಗಸಾಕಿ," ಎಂದು ತಮ್ಮ ಕೆಲಸವನ್ನು ಹೇಳಿಕೊಂಡರು. ವಾರವೆಲ್ಲ ಜನರನ್ನು ಮಲಗಿಸಿ, ಭಾನುವಾರ ಕಾಡಿನೊಳಗೆ ಕಲ್ಲು ಬೇರುಗಳ ಮೇಲೆ ಸೈಕಲ್ ಓಡಿಸುತ್ತಾರಂತೆ. ಅವತ್ತು ಬೆನ್ನು ಹಿಡಿದುಕೊಂಡಿತ್ತು, ಆದ್ದರಿಂದ ಈ ಸಪಾಟು ದಾರಿ.

"ನೀವೂ ಸೈಕಲ್ ಹೊಡೀತೀರೇನ್ರಿ?" ಎಂದು ನನ್ನನ್ನು ಕೇಳಿದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರಾದ ಒಬ್ಬರು ಕೆಸರು ಮೆತ್ತಿಕೊಂಡು ನಿಂತಿರುವಾಗ ಲೋಟ ಹಿಡಿದು ನಿಂತವಳಿಗೆ ಇಲ್ಲ ಎನ್ನಲು ನಾಚಿಕೆಯಾಯಿತು.

"ಒಂದು ತಗೋಬೇಕು ಅಂತ ನೋಡ್ತಾ ಇದೀನಿ ಡಾಕ್ಟ್ರೇ," ಎಂದೆ.

ನನ್ನ ಗಂಡ ಕಾಲುವೆಯ ನೀರಿನ ಕಡೆ ತಿರುಗಿಕೊಂಡರು. ನಗು ತಡೆಯಲಾಗದಿದ್ದಾಗ ಅವರು ಹೀಗೆ ಪ್ರಕೃತಿ ವೀಕ್ಷಣೆ ಮಾಡುತ್ತಾರೆ.

ಫೋನ್ ನಂಬರು ತೆಗೆದುಕೊಂಡ ಡಾಕ್ಟರು ಸುಮ್ಮನಿರುವ ಪೈಕಿ ಆಗಿರಲಿಲ್ಲ. ಮುಂದಿನ ಶುಕ್ರವಾರವೇ ಮೆಸೇಜು ಬಂತು: "ಸೈಕಲ್ ಬಂತೇನು ತಂಗಿ?" ಅದರ ಮುಂದಿನ ಶುಕ್ರವಾರ ಮತ್ತೆ. ತಂಗಿ ಎಂದವರನ್ನು ನಾನೂ ಅಕ್ಕ ಎನ್ನತೊಡಗಿದೆ. ಒಂದು ಸುಳ್ಳನ್ನು ನಿಭಾಯಿಸಲು ವಾರಕ್ಕೊಂದು ಹೊಸ ಸುಳ್ಳು ಹುಡುಕುವುದಕ್ಕಿಂತ ಸೈಕಲ್ ಹುಡುಕುವುದೇ ಸುಲಭ ಎಂದುಕೊಂಡೆ. ಸೈಕಲ್ ಬಗ್ಗೆ ನನಗಿದ್ದ ತಿಳಿವಳಿಕೆಗೆ ಇದು ಸಾಕ್ಷಿ.

ನಾನು ತುಮಕೂರು ಕಡೆಯವಳು. ನಮ್ಮಪ್ಪನ ಎತ್ತರದ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ, ಒಂದು ಪಕ್ಕಕ್ಕೆ ಜೋತುಬಿದ್ದು ಪೆಡಲು ತುಳಿದು ಕಲಿತವಳು. ಆಗ ಸೈಕಲ್ ಎಂದರೆ ಸೈಕಲ್ಲು, ಅಷ್ಟೇ. ಅದಕ್ಕೆ ಜಾತಿಗಳಿವೆ ಎಂದು ತಿಳಿದದ್ದು ಈಗ. ಸಪಾಟು ಜಲ್ಲಿ ದಾರಿಗೆ ಒಂದು, ಕಾಡಿನ ಮಣ್ಣಿನ ದಾರಿಗೆ ಒಂದು, ಕಲ್ಲಿನ ಇಳಿಜಾರಿಗೆ ಇನ್ನೊಂದು. ಮೌಂಟನ್ ಬೈಕ್‌ಗಳಲ್ಲೇ ಮುಂದಿನ ಗಾಲಿಗೆ ಮಾತ್ರ ಕುಲುಕು ನುಂಗುವ ಶಾಕ್ ಇರುವ ಹಾರ್ಡ್‌ಟೇಲ್, ಹಿಂದೆಯೂ ಮುಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್. ಆ ಶಾಕ್ ಎಷ್ಟು ಇಂಚು ಕುಗ್ಗಬೇಕು, ಗಾಲಿ ಎಷ್ಟು ದೊಡ್ಡದಿರಬೇಕು, ಹ್ಯಾಂಡಲ್ ಎಷ್ಟು ಅಗಲವಿರಬೇಕು ಎಂದು ಗಡ್ಡದ ಗಂಡಸರು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ: ಕಾಲುವೆ ದಂಡೆಗೂ ಆಗಬೇಕು, ಕಾಡಿಗೂ ಆಗಬೇಕು, ಕಲ್ಲಿಗೂ ಆಗಬೇಕು. ಒಂದೇ ಕುಕ್ಕರಿನಲ್ಲಿ ಅನ್ನ, ಬೇಳೆ, ಆಲೂಗಡ್ಡೆ ಮೂರನ್ನೂ ಬೇಯಿಸುವವಳಿಗೆ ಇದು ದುರಾಸೆ ಎನ್ನಿಸಲಿಲ್ಲ.

ಇನ್ನೊಂದು ತೊಂದರೆ ನನ್ನ ಉದ್ಯೋಗದ್ದು. ಔಷಧ ಚುಚ್ಚಿಕೊಳ್ಳುವ ಸಣ್ಣ ಉಪಕರಣಗಳನ್ನು ಅಂಗಡಿಗೆ ಹೋಗುವ ಮೊದಲು ಬೀಳಿಸಿ, ನೆನೆಸಿ, ಕಾಯಿಸಿ, ಅಲ್ಲಾಡಿಸಿ, ಕೆಡುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಯಾವುದನ್ನೂ ನೋಡಿದ ಕೂಡಲೇ ಒಪ್ಪಬಾರದು ಎಂಬುದಕ್ಕೇ ನನಗೆ ಸಂಬಳ. ಹಾಗಾಗಿ ವಸಂತವೆಲ್ಲ ಓದಿದೆ. ಸಾರಿಗೆ ಒಗ್ಗರಣೆ ಹಾಕುವಾಗ ಓದಿದೆ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಓದಿದೆ. ಯುಗಾದಿಯ ಪಾಟ್‌ಲಕ್ ಊಟದಲ್ಲಿ, ತಟ್ಟೆ ಹಿಡಿದು ನಿಂತ ಯಾರೋ ಒಬ್ಬ ಅಂಕಲ್ ಸೌಜನ್ಯಕ್ಕೆ "ಏನಮ್ಮ, ಸೈಕಲ್ ಅಂತೆ?" ಎಂದರು. ನಾನು ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕಿನ ಕೋನ ಇಳಿಜಾರಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಶುರುಮಾಡಿದೆ. ಅವರ ಬಿಸಿಬೇಳೆಬಾತು ಆರಿಹೋಯಿತು. ಮುಂದೆ ಆ ಅಂಕಲ್ ನನ್ನನ್ನು ಎಲ್ಲಿ ಕಂಡರೂ ಫೋನ್ ಬಂದವರಂತೆ ಕಿವಿಗೆ ಕೈ ಹಚ್ಚುತ್ತಿದ್ದರು.

"ನಾನು ನಿನ್ನ ನೋಡೋಕೆ ಬಂದಾಗ ಅರ್ಧ ಲೋಟ ಕಾಫಿ ಮುಗಿಯೋಷ್ಟರಲ್ಲಿ ಹೂಂ ಅಂದಿದ್ದೆ ನೀನು," ಎಂದರು ನನ್ನ ಗಂಡ.

"ಅದಕ್ಕೇ ರೀ, ಈ ಸಲ ವಿಚಾರಿಸ್ಕೊಂಡು ಮಾಡೋಣ ಅಂತ."

ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಮ್ಮಾ, ಡು ಯು ಈವನ್ ರಿಮೆಂಬರ್ ಹೌ ಟು ರೈಡ್?" ಎಂದಳು. ಅದೊಂದನ್ನು ನಾನು ಇನ್ನೂ ಓದಿರಲಿಲ್ಲ.

ಕೊನೆಗೆ ಅಂಗಡಿಗೆ ಹೋದೆವು. ಅಂಗಡಿಯ ಯುವತಿ, "ಎಲ್ಲಿ ಓಡಿಸ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಎಲ್ಲ ಕಡೆ," ಎಂದೆ. ಆಕೆ ಮುಂದಿನ ಪ್ರಶ್ನೆ ಕೇಳುವ ಮೊದಲೇ, ಓದಿದ್ದೆಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಆಕೆ ನಾನು ಹಳೆಯ ಸವಾರಳಿರಬೇಕೆಂದು ತಿಳಿದು ಗೌರವದಿಂದ ಒಂದು ಸೈಕಲ್ಲನ್ನು ಹೊರಗೆ ತಂದುಕೊಟ್ಟಳು. ಕಾರು ನಿಲ್ಲಿಸುವ ಜಾಗದಲ್ಲಿ ಸುತ್ತು ಹಾಕಿ ಬನ್ನಿ ಎಂದಳು.

ಹತ್ತಿದೆ. ಬೀಳಲಿಲ್ಲ, ಸೈಕಲ್ಲು ಓಡಿತು. ಕಲಿತದ್ದು ಮರೆತಿರಲಿಲ್ಲವೆಂದು ಎದೆಯುಬ್ಬಿತು. ಆಗ ಎಡಗೈಯ ಹೆಬ್ಬೆರಳಿಗೆ ಒಂದು ಸಣ್ಣ ಗುಂಡಿ ಸಿಕ್ಕಿತು. ಒತ್ತಿದೆ. ಕೂತಿದ್ದ ಸೀಟು ನನ್ನನ್ನು ಕೂಡಿಸಿಕೊಂಡೇ ಕೆಳಗಿಳಿಯಿತು. ಮೊಣಕಾಲು ಎದೆಗೆ ಬಂತು. ಮುರಿದುಬಿಟ್ಟೆನೆಂದು ಇಳಿದು, ಸೈಕಲ್ ತಳ್ಳಿಕೊಂಡು ಹೋಗಿ, "ಐ ಯಾಮ್ ಸೋ ಸಾರಿ, ಐ ಬ್ರೋಕ್ ಇಟ್," ಎಂದೆ. ಇಳಿಜಾರಿನಲ್ಲಿ ಅನುಕೂಲವಾಗಲೆಂದು ಗುಂಡಿ ಒತ್ತಿದರೆ ತಗ್ಗುವ ಸೀಟು ಅದು. ಅದರ ಬಗ್ಗೆ ನಾನು ಒಂದು ವಾರ ಓದಿದ್ದೆ. ಓದುವಾಗ ಅದು ನನ್ನ ಕೆಳಗೆ ಇರಲಿಲ್ಲ, ಅಷ್ಟೇ.

ಯುವತಿ ಹಾರ್ಡ್‌ಟೇಲ್ ಒಂದನ್ನು ತೋರಿಸಿ, ನಿಮ್ಮ ಮಿಶ್ರ ದಾರಿಗಳಿಗೆ ಇದು ಸಾಕಲ್ಲ ಎಂದಳು. ಆದರೆ ಯೂಟ್ಯೂಬಿನ ಗಡ್ಡದವನೊಬ್ಬ ದೊಡ್ಡ ಫುಲ್ ಸಸ್ಪೆನ್ಷನ್ ಬೈಕೊಂದನ್ನು ತೋರಿಸಿ, ಇದು ಸವಾರನ ತಪ್ಪುಗಳನ್ನೆಲ್ಲ ಕ್ಷಮಿಸುತ್ತದೆ ಎಂದಿದ್ದ. ಆ ಮಾತು ನನ್ನ ಮನಸ್ಸಿನಲ್ಲಿ ಕೂತಿತ್ತು. ಕ್ಷಮಿಸುವವರು ಯಾರಿಗೆ ಬೇಡ? ಅದನ್ನೇ ಕೊಂಡೆ. ದಪ್ಪ ಗಾಲಿ, ಉದ್ದ ಮೂತಿ, ಹಿಂದೆ ಮುಂದೆ ತೋಳುಗಾತ್ರದ ಶಾಕ್. ಬೆಟ್ಟದ ತುದಿಯಿಂದ ಕೆಳಗೆ ಧುಮುಕುವವರಿಗೆ ಮಾಡಿದ್ದು. ಅದನ್ನು ಎತ್ತಿ ಕಾರಿನ ಹಿಂದಿನ ರ‍್ಯಾಕಿಗೆ ಏರಿಸುವಾಗ ನನ್ನ ಗಂಡನಿಗೂ ನಗು ಬರಲಿಲ್ಲ.

ಮೊದಲ ಭಾನುವಾರ ಮನೆಯ ಹತ್ತಿರದ ಪಾರ್ಕಿನ ಕಾಡುದಾರಿಗೆ ಡಾಕ್ಟರು ಬಂದರು. ನನ್ನ ಸೈಕಲ್ಲಿನ ಸುತ್ತ ಒಂದು ಸಲ ನಡೆದು ನೋಡಿದರು.

"ಭಾರೀ ಐತಿ," ಎಂದರು.

"ಥ್ಯಾಂಕ್ಸ್ ಅಕ್ಕ."

"ತೂಕ ಹೇಳಾಕತ್ತೀನವಾ."

ಅವರದ್ದು ಗೀರುಬಿದ್ದ ಹಳೆಯ ಹಾರ್ಡ್‌ಟೇಲ್. ಅವರು ಕಾಡಿನೊಳಗೆ ನುಗ್ಗಿದರು. ನಾನು ಹಿಂದೆ ಹೊರಟೆ. ಆ ಪಾರ್ಕಿನಲ್ಲಿ ಬೆಟ್ಟವಿಲ್ಲ, ಧುಮುಕುವ ಸಂದರ್ಭವೇ ಬರಲಿಲ್ಲ. ಸಣ್ಣ ಏರಿನಲ್ಲಿ ಪೆಡಲು ತುಳಿದರೆ ಅರ್ಧ ಬಲ ಶಾಕ್ ಕುಗ್ಗಿಸುವುದಕ್ಕೇ ಹೋಗುತ್ತಿತ್ತು; ಹತ್ತಿಯ ಹಾಸಿಗೆಯ ಮೇಲೆ ನಡೆದಂತೆ. ನಾಯಿ ಹಿಡಿದು ನಡೆಯುತ್ತಿದ್ದ ಒಬ್ಬ ವೃದ್ಧರು ನನ್ನನ್ನು ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಅವರು ವಾಪಸು ಬರುವಾಗಲೂ ನಾನು ಅದೇ ಏರಿನಲ್ಲಿದ್ದೆ. "ನೈಸ್ ಬೈಕ್," ಎಂದರು. ಬೇರೆ ಏನು ಹೇಳಬೇಕು ಪಾಪ.

ಆದರೂ ಬಿಡಲಿಲ್ಲ. ತಪ್ಪು ಸೈಕಲ್ಲಿನದಲ್ಲ, ಇಲ್ಲಿನ ಭೂಮಿ ಸಾಕಷ್ಟು ಕಷ್ಟವಾಗಿಲ್ಲ ಎಂದು ತೀರ್ಮಾನಿಸಿ, "ಕಲ್ಲಿರೋ ಕಡೆ ಹೋಗೋಣ ಅಕ್ಕ," ಎಂದು ಗಂಟುಬಿದ್ದೆ. ಅವರು ನನ್ನನ್ನು ಸೋರ್‌ಲ್ಯಾಂಡ್ ಬೆಟ್ಟಕ್ಕೆ ಕರೆದುಕೊಂಡು ಹೋದದ್ದು ಹಾಗೆ. ಬೆಟ್ಟವೆಂದರೆ ತೀರ ಎತ್ತರವೇನಲ್ಲ, ಆದರೆ ದಾರಿಯ ತುಂಬ ಆನೆಮರಿಗಳು ಮಲಗಿದಂತೆ ಬಂಡೆಗಳು. ಹೋಗುವ ಮುನ್ನ ನಾನು ಟೈರಿನ ಗಾಳಿ ಇಳಿಸಿದ್ದೆ. ಗಾಳಿ ಕಡಿಮೆಯಿದ್ದರೆ ಕಲ್ಲಿನ ಮೇಲೆ ಹಿಡಿತ ಹೆಚ್ಚು ಎಂದು ಓದಿದ್ದೆ. ಎಷ್ಟು ಕಡಿಮೆ ಎಂಬ ಭಾಗ ಬರುವ ಹೊತ್ತಿಗೆ ಕುಕ್ಕರ್ ಕೂಗಿತ್ತೇನೋ, ನೆನಪಿಲ್ಲ.

ಕಾಡಿನೊಳಗೆ ಸಾಕಷ್ಟು ದೂರ ಹೋಗಿದ್ದೆವು. ಒಂದು ಚೂಪು ಕಲ್ಲಿನ ಮೇಲೆ ಹಿಂದಿನ ಗಾಲಿ ಬಿತ್ತು. ಬುಸ್ ಎಂದು ಸದ್ದಾಯಿತು. ಟೈರಿನ ಪಕ್ಕೆ ಬೆರಳು ತೂರುವಷ್ಟು ಸೀಳಿತ್ತು. ಇನ್ನು ತಳ್ಳಿಕೊಂಡೇ ಹೋಗಬೇಕು.

"ಆಗಲಿ, ನಡಕೋತ ಬಾ. ನಾ ಆ ತಿರುವಿನತನ ಹೋಗಿ ನಿಂದರತೀನಿ," ಎಂದು ಅಕ್ಕ ಹತ್ತಿ ಹೊರಟರು. ನಿಧಾನವಾಗಿಯೇ ಹೋಗುತ್ತಿದ್ದರು. ಹೋಗುತ್ತ ನನಗೆ ಏನೋ ಹೇಳಲು ಹಿಂದಕ್ಕೆ ತಿರುಗಿದರು. "ಮುಂದಿನ ಸಲ ಗಾಳಿ..." ಎಂದಿದ್ದಷ್ಟೇ ಕೇಳಿಸಿತು. ಮುಂದಿನ ಗಾಲಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅವರು ಹ್ಯಾಂಡಲ್ಲಿನ ಮೇಲಿಂದ ಹೋಗಿ ಬಲಭುಜದ ಮೇಲೆ ಬಿದ್ದರು.

ನನ್ನ ಸೈಕಲ್ಲನ್ನು ಬಿಸಾಡಿ ಓಡಿದೆ. ಅವರು ಆಗಲೇ ಎದ್ದು ಕೂತು, ಎಡಗೈಯಿಂದ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಮುಖದಲ್ಲಿ ರಕ್ತದ ಬಣ್ಣವೇ ಇರಲಿಲ್ಲ. ಕತ್ತಿನ ಪಕ್ಕದ ಎಲುಬು ಇರಬಾರದ ಕಡೆ ಉಬ್ಬಿತ್ತು.

"ಕಾಲರ್ ಬೋನ್ ಹೋತು," ಎಂದರು, ಬಸ್ಸು ಹೋಯಿತು ಎನ್ನುವ ದನಿಯಲ್ಲಿ. "ತಲಿಗೆ ಏನೂ ಆಗಿಲ್ಲ. ನನ್ನ ಹೆಸರು, ಊರು, ಇವತ್ತಿನ ವಾರ, ಎಲ್ಲಾ ಗೊತ್ತೈತಿ. ನೀ ಅಳಬ್ಯಾಡ."

ನಾನು ಅಳುತ್ತಿದ್ದೇನೆಂದು ನನಗೆ ಆಗಲೇ ತಿಳಿದದ್ದು.

ಏಳಲು ನೋಡಿದರು. ಅರ್ಧ ಎದ್ದವರು ಮತ್ತೆ ಕೂತರು. "ಕಣ್ಣಿಗೆ ಕತ್ತಲಿ ಬರತೈತಿ. ನಡಿಯಾಕ ಆಗಂಗಿಲ್ಲ. ಫೋನ್ ನೋಡು."

ನನ್ನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಅವರದರಲ್ಲೂ ಇರಲಿಲ್ಲ. ಫೋನನ್ನು ಮೇಲಕ್ಕೆತ್ತಿ ಬಂಡೆಯ ಮೇಲೆ ಹತ್ತಿ ನಿಂತೆ. ಏನೂ ಆಗಲಿಲ್ಲ.

"ನನ್ನ ಸೈಕಲ್ ತಗೊಂಡು ಹೋಗು," ಎಂದರು ಅಕ್ಕ. "ಬಂದ ದಾರೀಲೇ ಹೋಗಬ್ಯಾಡ, ದೂರ ಆಗತೈತಿ. ಈ ಇಳಕಲು ಹಿಡದು ಹೋದ್ರ ರಸ್ತಾ ಸಿಗತೈತಿ."

"ನಿಮ್ಮನ್ನ ಒಬ್ರನ್ನೇ ಬಿಟ್ಟು..."

"ಇಲ್ಲೇ ಕೂತಿರತೀನಿ. ನಾ ಎಲ್ಲಿ ಹೋಗಲಿ? ಹೋಗು ತಂಗಿ."

ನನ್ನ ಜಾಕೆಟ್ಟನ್ನು ಅವರಿಗೆ ಹೊದಿಸಿ, ಅವರ ಸೈಕಲ್ ಹತ್ತಿದೆ. ಆ ಇಳಿಜಾರನ್ನು ನಾನು ಹೇಗೆ ಇಳಿದೆನೆಂದು ಕೇಳಿದವರಿಗೆಲ್ಲ ಬೇರೆಬೇರೆ ರೀತಿಯಲ್ಲಿ ಹೇಳಿದ್ದೇನೆ. ನಿಜವೆಂದರೆ ಅರ್ಧ ದಾರಿ ಕಣ್ಣೀರಿನಲ್ಲಿ ಕಾಣುತ್ತಿರಲಿಲ್ಲ. ಹಿಂದೆ ಶಾಕ್ ಇಲ್ಲದ ಆ ಸೈಕಲ್ಲು ಪ್ರತಿ ಬೇರನ್ನೂ ನನ್ನ ಬೆನ್ನುಮೂಳೆಗೆ ವರದಿ ಮಾಡುತ್ತಿತ್ತು. ಆದರೆ ಎಲ್ಲಿ ತಿರುಗಿಸಿದರೆ ಅಲ್ಲಿ ತಿರುಗುತ್ತಿತ್ತು, ತುಳಿದರೆ ತಕ್ಷಣ ಮುಂದಕ್ಕೆ ಹೋಗುತ್ತಿತ್ತು. ಎರಡು ಸಲ ಬಿದ್ದೆ. ಒಂದು ಸಲ ಸೈಕಲ್ಲು ನನ್ನ ಮೇಲೆ, ಇನ್ನೊಂದು ಸಲ ನಾನು ಅದರ ಮೇಲೆ. ಪ್ರತಿ ಸಲವೂ ಎತ್ತಿ ನಿಲ್ಲಿಸುವಾಗ, ಅಯ್ಯೋ ಇಷ್ಟು ಹಗುರವಾ ಎಂದು ಆ ಹೊತ್ತಿನಲ್ಲೂ ಅನ್ನಿಸಿತು. ಅಕ್ಕ ಬಂಡೆಯ ಮೇಲೆ ಎಲುಬು ಮುರಿದುಕೊಂಡು ಕೂತಿರುವಾಗ ನನ್ನ ತಲೆಯ ಒಂದು ಮೂಲೆ ಇನ್ನೂ ಸೈಕಲ್ ಆರಿಸುತ್ತಿತ್ತೆಂದು ಹೇಳಿಕೊಳ್ಳಲು ಹೆಮ್ಮೆಯಿಲ್ಲ.

ಕಾಡು ಮುಗಿದದ್ದು ಒಂದು ಮನೆಯ ಹಿತ್ತಲ ಹುಲ್ಲುಹಾಸಿನಲ್ಲಿ. ಮನೆಯ ಯಜಮಾನ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು, ಕಿವಿಗೆ ಮುಚ್ಚಿಗೆ ಹಾಕಿಕೊಂಡು ಅಡ್ಡಾಡುತ್ತಿದ್ದ. ಮೈಯೆಲ್ಲ ಮಣ್ಣು, ಒಂದು ಮೊಣಕೈಯಲ್ಲಿ ರಕ್ತ, ಮುಖ ಊದಿಕೊಂಡ ಒಬ್ಬ ಹೆಂಗಸು ಕಾಡಿನಿಂದ ಹೊರಬಿದ್ದು ಎರಡು ಕೈ ಬೀಸುವುದನ್ನು ಕಂಡು ಗಾಡಿ ನಿಲ್ಲಿಸಿದ. ನಾನು ಹತ್ತಿರ ಹೋಗಿ, ಈ ದೇಶದಲ್ಲಿ ಇಪ್ಪತ್ತು ವರ್ಷ ಕಲಿತ ಸಭ್ಯತೆಯಿಂದ, "ಹಾಯ್, ಹೌ ಆರ್ ಯು?" ಎಂದೆ.

ಆತನೂ ಅಭ್ಯಾಸಬಲದಿಂದ, "ಗುಡ್, ಹೌ ಆರ್ ಯು?" ಎಂದ.

"ಗುಡ್," ಎಂದೆ. ಆಮೇಲೆ ವಿಷಯ ಹೇಳಿದೆ.

ಆತ ಮನೆಯ ಫೋನಿನಿಂದ 911ಕ್ಕೆ ಕರೆ ಮಾಡಿದ. ಕುಡಿಯಲು ನೀರು ಕೊಟ್ಟ. ರಕ್ಷಣಾ ದಳದವರು ಬಂದ ಮೇಲೆ ಅವರಿಗೆ ದಾರಿ ತೋರಿಸಲು ನಾನೇ ಮುಂದೆ ನಡೆದೆ. ಸೈಕಲ್ಲಿನಲ್ಲಿ ಇಳಿದ ದಾರಿಯನ್ನು ಕಾಲುನಡಿಗೆಯಲ್ಲಿ ಹತ್ತುವಾಗ, ಇದನ್ನಾ ನಾನು ಇಳಿದದ್ದು ಎನ್ನಿಸಿತು. ಒಂದು ಕಡೆ ದಾರಿ ಕವಲೊಡೆದಿತ್ತು. ಯಾವುದರಲ್ಲಿ ಬಂದಿದ್ದೆನೋ ತಿಳಿಯಲಿಲ್ಲ. "ಅಕ್ಕಾ" ಎಂದು ಕೂಗಿದೆ. ಮರಗಳ ಆಚೆಯಿಂದ, "ಈ ಕಡೆ ಬರ್ರೀ," ಎಂದು ಉತ್ತರ ಬಂತು. ಆ ಒಂದು ಮಾತಿಗೆ ನನಗೆ ಆದ ಸಮಾಧಾನವನ್ನು ಬರೆಯಲು ಬರುವುದಿಲ್ಲ.

ಅಕ್ಕ ಬಿಟ್ಟಲ್ಲೇ ಕೂತಿದ್ದರು. ಪಕ್ಕದಲ್ಲಿ ಶೇಂಗಾ ಉಂಡೆಯ ಡಬ್ಬಿ ತೆರೆದಿತ್ತು, ಒಂದೂ ತಿಂದಿರಲಿಲ್ಲ. "ಆಪರೇಷನ್ ಅಂದ್ರ ಹೊಟ್ಟಿ ಖಾಲಿ ಇರಬೇಕಲ್ಲ. ನಾನೇ ದಿನಾ ಮಂದಿಗೆ ಹೇಳಾಕಿ," ಎಂದರು. ಕೈಗೆ ಜೋಳಿಗೆ ಕಟ್ಟುತ್ತಿದ್ದ ಹುಡುಗಿಗೆ, ಸ್ಟ್ರೆಚರ್ ಹಿಡಿದವರಿಗೆ, ಎಲ್ಲರಿಗೂ ಒಂದೊಂದು ಉಂಡೆ ಹಂಚಿಸಿದರು. ಹಂಚಿದವಳು ನಾನು. ನನಗೂ ಒಂದು ಸಿಕ್ಕಿತು. ಸ್ಟ್ರೆಚರಿನ ಹಿಂದೆ ಶೇಂಗಾ ಉಂಡೆ ತಿನ್ನುತ್ತ, ಅಳುತ್ತ, ಬೆಟ್ಟ ಇಳಿದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಎಳೆಯ ಡಾಕ್ಟರಿಗೆ ಅಕ್ಕ ಮಲಗಿದಲ್ಲಿಂದಲೇ ಪ್ರಶ್ನೆ ಹಾಕಿದರು. ಅಂತೂ ಆಪರೇಷನ್ ಬೇಡ, ಜೋಳಿಗೆ ಕಟ್ಟಿಕೊಂಡಿದ್ದರೆ ತಾನೇ ಕೂಡಿಕೊಳ್ಳುತ್ತದೆ ಎಂದಾಯಿತು. "ಹಂಗಿದ್ರ ಒಂದು ಉಂಡಿ ಇಡಬೇಕಿತ್ತು," ಎಂದು ಅಕ್ಕ ನನ್ನ ಕಡೆ ನೋಡಿದರು.

ಅವರ ಯಜಮಾನರು ಕೆಲಸದ ಮೇಲೆ ಟೆಕ್ಸಸ್‌ಗೆ ಹೋಗಿದ್ದರು. ಅವರು ಬರುವವರೆಗೆ ಅಕ್ಕನನ್ನು ನಮ್ಮ ಮನೆಗೇ ಕರೆತಂದೆವು. ನನ್ನ ಗಂಡ ಐಸೆಲಿನ್‌ಗೆ ಹೋಗಿ, ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಲ್ಲಿ ಹುಡುಕಿ ಜೋಳದ ಹಿಟ್ಟು ತಂದರು. ನಾನು ಮುದ್ದೆಯ ಸೀಮೆಯವಳು. ರೊಟ್ಟಿ ತಟ್ಟಿದೆ, ಹರಿಯಿತು. ಮತ್ತೆ ತಟ್ಟಿದೆ, ಅಂಚು ಮಾತ್ರ ಉಳಿಯಿತು. ಅಕ್ಕ ಅಡಿಗೆಮನೆಯ ಸ್ಟೂಲಿನ ಮೇಲೆ ಒಂದೇ ಕೈಯಲ್ಲಿ ಗಲ್ಲ ಹಿಡಿದು ನೋಡಿದರು.

"ಹಿಟ್ಟಿಗೆ ಬಿಸಿನೀರು ಹಾಕೀಯೋ ಇಲ್ಲೋ?"

"ಬಿಸಿನೀರು ಹಾಕ್ಬೇಕಾ?"

"ಇರ್ಲಿ ಬಿಡು. ಮುದ್ದಿ ಮಾಡು, ಅದೂ ಕಲಿಯೂಣು."

ನನ್ನ ದೊಡ್ಡ ಸೈಕಲ್ಲು ಆ ದಿನ ಕಾಡಿನಲ್ಲೇ ಉಳಿದಿತ್ತು. ಮಾರನೆಯ ದಿನ ನನ್ನ ಗಂಡ ಆಫೀಸಿಗೆ ರಜೆ ಹಾಕಿ, ನನ್ನೊಡನೆ ಬಂದು, ಸೀಳಿದ ಟೈರಿನ ಅದನ್ನು ಬಂಡೆಗಳ ಮೇಲಿಂದ ಎಳೆದು ಹೊರತಂದರು. ಕಾರಿನ ಹತ್ತಿರ ಬಂದು, ಬೆವರು ಒರೆಸಿಕೊಂಡು, "ಇದು ಇನ್ನೂ ಏನನ್ನಾದ್ರೂ ಕ್ಷಮಿಸುತ್ತಾ?" ಎಂದರು. ನಾನು ಮರಗಳ ಕಡೆ ತಿರುಗಿ ಪ್ರಕೃತಿ ವೀಕ್ಷಣೆ ಮಾಡಿದೆ.

ಅಕ್ಕ ತಮ್ಮ ಮನೆಗೆ ಹೋದ ಮೇಲೂ, ಆ ಹುಲ್ಲುಹಾಸಿನ ಮನೆಯಿಂದ ತಂದಿದ್ದ ಅವರ ಸೈಕಲ್ಲು ನಮ್ಮ ಗರಾಜಿನಲ್ಲೇ ಇತ್ತು. ಸುಮ್ಮನೆ ನಿಂತರೆ ಚೈನು ತುಕ್ಕು ಹಿಡಿಯುತ್ತದೆ ಎಂಬ ನೆಪದಲ್ಲಿ ನಾನು ಅದನ್ನು ಓಡಿಸತೊಡಗಿದೆ. ಮೊದಲು ಕಾಲುವೆ ದಂಡೆಯ ಮೇಲೆ, ಆಮೇಲೆ ಪಾರ್ಕಿನ ಕಾಡಿನಲ್ಲಿ. ಬೇಸಿಗೆಯೆಲ್ಲ ಆ ಚೈನಿನ ಸೇವೆ ಮಾಡಿದೆ. ಸಪಾಟಿನಲ್ಲಿ ಹೋಗುತ್ತಿತ್ತು, ಏರು ಹತ್ತುತ್ತಿತ್ತು, ಸಣ್ಣಪುಟ್ಟ ಕಲ್ಲಿನ ಮೇಲೆ ನಾನು ಸ್ವಲ್ಪ ಮೈ ಹಗುರ ಮಾಡಿದರೆ ದಾಟುತ್ತಿತ್ತು. ನನ್ನ ಸ್ವಂತ ಸೈಕಲ್ಲು ಹೊಸ ಟೈರು ಹಾಕಿಸಿಕೊಂಡು ಗೋಡೆಗೊರಗಿ ನಿಂತಿತ್ತು. ಅದನ್ನು ದಾಟಿ ಅಕ್ಕನ ಸೈಕಲ್ಲನ್ನು ಹೊರಗೆ ತೆಗೆಯುವಾಗ ನನಗೆ ನಿಜವಾಗಿಯೂ ಮುಜುಗರವಾಗುತ್ತಿತ್ತು.

ಬೇಸಿಗೆಯ ಕೊನೆಗೆ ಅಕ್ಕನ ಫೋನ್ ಬಂತು. ಎಲುಬು ಕೂಡಿತ್ತು. ಸೈಕಲ್ ಓಡಿಸಬಹುದು ಎಂದಿದ್ದರಂತೆ. "ನಾಳೆ ಬಂದು ನನ್ನ ಸೈಕಲ್ ಒಯ್ಯತೀನಿ," ಎಂದರು.

"ಹೂಂ ಅಕ್ಕ, ಬನ್ನಿ," ಎಂದೆ. ಫೋನ್ ಇಟ್ಟು ಗರಾಜಿಗೆ ಹೋಗಿ ಅದನ್ನು ತೊಳೆದೆ. ಹೆಣ್ಣು ಒಪ್ಪಿಸುವವರ ಹಾಗೆ ಒರೆಸಿದೆ.

ಅಕ್ಕ ಬಂದವರೇ ಅದನ್ನು ಹತ್ತಿ ನಮ್ಮ ಬೀದಿಯ ತುದಿಯವರೆಗೆ ಹೋದರು. ವಾಪಸು ಬರುವಾಗ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದರು. ಡಾಂಬರು ರಸ್ತೆಯ ಸಣ್ಣ ಬಿರುಕಿನ ಮೇಲೆ ಹೋದಾಗಲೂ ಭುಜಕ್ಕೆ ಚುಚ್ಚಿತಂತೆ. ಇಳಿದು ಸೈಕಲ್ಲನ್ನು ಗರಾಜಿನ ಬಾಗಿಲಿಗೆ ಒರಗಿಸಿದರು.

"ಮುಗೀತೇನೋ ತಂಗಿ," ಎಂದರು. "ಅರವತ್ತರ ಮ್ಯಾಲೆ ಇದೆಲ್ಲಾ ಯಾಕ ಬೇಕು ಅಂತಾರ ಮನ್ಯಾಗ. ಖರೇ ಇರಬಹುದು."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನನಗೆ ಬರುವುದು ಪರೀಕ್ಷೆ ಮಾಡುವುದೊಂದೇ. "ಅಕ್ಕ, ಸುಮ್ನೆ ಇದನ್ನ ಒಂದ್ಸಲ ಹತ್ತಿ ನೋಡಿ," ಎಂದು ನನ್ನ ದೊಡ್ಡ ಸೈಕಲ್ಲನ್ನು ಹೊರಗೆ ತಂದೆ.

"ಅದನ್ನ? ನಾನಾ?"

"ಇರಿ, ಸ್ವಲ್ಪ ಸರಿ ಮಾಡ್ತೀನಿ." ಶಾಕ್‌ನೊಳಗಿನ ಗಾಳಿಯನ್ನು ಕೂರುವವರ ತೂಕಕ್ಕೆ ತಕ್ಕಂತೆ ಹೊಂದಿಸಬೇಕು. ಅದಕ್ಕೊಂದು ಪುಟ್ಟ ಪಂಪು ಇರುತ್ತದೆ. ಅವರನ್ನು ಸೈಕಲ್ಲಿನ ಮೇಲೆ ಕೂಡಿಸಿ, ನನ್ನ ಗಂಡನಿಗೆ ಹಿಡಿದುಕೊಳ್ಳಲು ಹೇಳಿ, ಮುಂದೆ ಒಂದಿಷ್ಟು ಗಾಳಿ ಬಿಟ್ಟೆ, ಹಿಂದೆ ಒಂದಿಷ್ಟು ತುಂಬಿದೆ, ಮತ್ತೆ ಬಿಟ್ಟೆ. ವಸಂತವೆಲ್ಲ ಓದಿದ್ದು ಮೊದಲ ಸಲ ಯಾರಿಗೋ ಉಪಯೋಗಕ್ಕೆ ಬಂದ ದಿನ ಅದು. ನನಗಂತೂ ಅಲ್ಲ.

ಅಕ್ಕ ಹೊರಟರು. ಬೀದಿಯ ತುದಿಯಲ್ಲಿ ತಿರುಗದೆ, ಫುಟ್‌ಪಾತಿನ ಅಂಚಿನಿಂದ ಬೇಕೆಂದೇ ದಡಕ್ಕನೆ ಇಳಿಸಿದರು. ಮತ್ತೆ ಹತ್ತಿಸಿದರು. ಮತ್ತೆ ಇಳಿಸಿದರು. ಬಂದು ನಿಲ್ಲಿಸಿದಾಗ ಎರಡೂ ಕೈ ಹ್ಯಾಂಡಲ್ಲಿನ ಮೇಲಿದ್ದವು.

"ಏನೂ ಗೊತ್ತಾಗಂಗಿಲ್ಲಲಾ ಇದರಾಗ," ಎಂದರು. "ಏರಿಗೆ ಜಡ ಐತಿ. ಇರ್ಲಿ, ನನ್ನ ಕಾಲು ಗಟ್ಟಿ ಅದಾವ. ತಂಗಿ, ಇದನ್ನ ನನಗ ಕೊಡ್ತೀ?"

ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆದರೆ ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಮುನಿಸು ಎದ್ದಿತು. ಎಷ್ಟು ಓದಿ ಆರಿಸಿದ್ದು ಅದು. "ಮತ್ತೆ ನಿಮ್ಮದು?" ಎಂದು, ಏನೂ ತಿಳಿಯದವಳ ಹಾಗೆ ಕೇಳಿದೆ.

"ಅದು ನಿನ್ನ ಕೈಯಾಗ ಪಳಗೈತಿ. ಸೀಟ್ ನೋಡಿದ್ರನ ಗೊತ್ತಾಗತೈತಿ, ನಿನ್ನ ಎತ್ತರಕ್ಕ ಸರಿ ಮಾಡ್ಕೊಂಡೀದಿ."

ಚೈನಿನ ಸೇವೆಗೆ ಸೀಟಿನ ಎತ್ತರ ಬದಲಿಸಬೇಕಾಗಿರಲಿಲ್ಲ. ನನ್ನ ಗಂಡ ಆಕಾಶ ನೋಡುತ್ತಿದ್ದರು.

ಹೊಸದಕ್ಕೆ ಹಳೆಯದು ಸಮವಲ್ಲ ಎಂದು ಅಕ್ಕ ಮೊದಲು ಸ್ವಲ್ಪ ತಕರಾರು ಮಾಡಿದರು. ಕೊನೆಗೆ ಜೋಳದ ರೊಟ್ಟಿ ತಟ್ಟುವುದನ್ನು ನನಗೆ ಪೂರ್ತಿ ಕಲಿಸಿಕೊಡುವುದೆಂದು ಒಪ್ಪಂದವಾಯಿತು. ಈವರೆಗೆ ಮೂರು ಪಾಠ ಆಗಿದೆ. ಗುರುಗಳು ನಿರಾಶರಾಗಿಲ್ಲ.

ಮೊನ್ನೆ ನವೆಂಬರಿನಲ್ಲಿ ಪಾರ್ಕಿನ ಕಾಡಿಗೆ ಹೋಗಿದ್ದೆವು. ಓಕ್ ಎಲೆಗಳು ಉದುರಿ ದಾರಿ ಯಾವುದು, ಹಳ್ಳ ಯಾವುದು ತಿಳಿಯುತ್ತಿರಲಿಲ್ಲ. ಅಕ್ಕ ಮುಂದೆ ಹೋಗುತ್ತಿದ್ದರು. ಒಂದು ಒದ್ದೆ ಮರದ ಸೇತುವೆ ದಾಟಿ ತಿರುಗಿಸುವಾಗ ನನ್ನ ಗಾಲಿ ಎಲೆಗಳ ಮೇಲೆ ಜಾರಿತು. ನಾನು ಕುಂಡೆಯ ಮೇಲೆ ಕೆಸರಿನಲ್ಲಿ ಕೂತೆ. ಸದ್ದು ಕೇಳಿ ಅಕ್ಕ ನಿಲ್ಲಿಸಿದರು. ಈ ಸಲ ಪೂರ್ತಿ ನಿಲ್ಲಿಸಿ, ಇಳಿದು, ಆಮೇಲೆ ತಿರುಗಿ ನೋಡಿದರು.

"ಎಲುಬು?"

"ಇಲ್ಲ ಅಕ್ಕ."

"ಹಂಗಿದ್ರ ಏಳು. ಮುಂದ ಬಿಸಿಲು ಬಿದ್ದೈತಿ, ಅಲ್ಲಿ ಕೂತು ಚಾ ಕುಡಿಯೂಣು."

ಎದ್ದೆ. ಪ್ಯಾಂಟಿನ ಹಿಂಭಾಗವೆಲ್ಲ ನೆನೆದಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿದ್ದ ಎಲೆ ತೆಗೆದು, ಒಂದೆರಡು ಹೆಜ್ಜೆ ತಳ್ಳಿ, ಮತ್ತೆ ಹತ್ತಿದೆ.